ಎನ್‌ಎಫ್‌ಎಲ್‌ನಲ್ಲಿ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಒಂದೇ ಒಂದು ನಿಯಮ ಬದಲಿಸಬಹುದಾದರೆ ಯಾವುದು? ಚೆಂಡು ಎಲ್ಲಿ ಇಡಬೇಕು ಅಂತಲೂ ಹೇಳಿ

ಗೋಲ್‌ಲೈನ್_ನೋಟ

ಯಾವುದೇ ನಿಯಮ ಬದಲಾಗಬೇಕಾದರೆ 32 ತಂಡಗಳಲ್ಲಿ 24 ಒಪ್ಪಬೇಕು. 2025ರಲ್ಲಿ ಟಶ್ ಪುಶ್ (ಚೆಂಡು ಹಿಡಿದವನನ್ನು ಸಂಗಡಿಗರು ಹಿಂದಿನಿಂದ ನೂಕುವ ಆಟ) ನಿಷೇಧಕ್ಕೆ ಬಿದ್ದದ್ದು 22 ಮತ, ಅದು ಎರಡೇ ಮತದಲ್ಲಿ ಬಚಾವಾಯಿತು. ಹಾಗಾಗಿ ‘ರೆಫ್ರಿಗಳನ್ನೆಲ್ಲ ಮನೆಗೆ ಕಳಿಸಿ’ ಥರದ ಉತ್ತರ ದಯವಿಟ್ಟು ಬೇಡ. ಮತಕ್ಕೆ ಹಾಕಬಹುದಾದಷ್ಟು ಸ್ಪಷ್ಟವಾಗಿ ಬರೆಯಿರಿ. ಕೋಚ್‌ಗಳು ಅದರಲ್ಲಿ ಎಲ್ಲಿ ತೂತು ಹುಡುಕುತ್ತಾರೆ ಅನ್ನೋದನ್ನೂ ಸೇರಿಸಿ.

ನನ್ನ ಆಯ್ಕೆ, ಎಂಡ್ ಜೋನ್ (ಗೋಲ್ ಲೈನಿನಾಚೆಯ ಅಂಕ ಗಳಿಸುವ ಪಟ್ಟಿ) ದಾಟಿ ಹೊರಗೆ ಹೋಗುವ ಫಂಬಲ್, ಅಂದರೆ ಕೈಜಾರಿದ ಚೆಂಡು. ಓಡುತ್ತಿದ್ದವನ ಕೈಯಿಂದ 1 ಯಾರ್ಡ್ ಗೆರೆಯಲ್ಲಿ ಚೆಂಡು ಜಾರಿ, ಗೋಲ್ ಲೈನಿಗೆ ಒಂದಿಂಚು ಮೊದಲು ಸೈಡ್‌ಲೈನ್ ದಾಟಿದರೆ ಅದು ಅವನ ತಂಡಕ್ಕೇ ವಾಪಸ್, ಜಾರಿದ ಜಾಗದಿಂದಲೇ ಆಟ. ಅದೇ ಚೆಂಡು ಪೈಲಾನ್‌ಗೆ (ಎಂಡ್ ಜೋನ್ ಮೂಲೆಯ ಗುರುತಿನ ಕಂಬ) ತಾಗಿದರೆ ಟಚ್‌ಬ್ಯಾಕ್: ಡಿಫೆನ್ಸ್‌ನವರು (ತಡೆಯುವ ತಂಡ) ಚೆಂಡನ್ನು ಮುಟ್ಟದೆಯೂ ತಮ್ಮ 20 ಯಾರ್ಡ್ ಗೆರೆಯಿಂದ ಅವರ ಆಟ ಶುರು. 2021ರ ಜನವರಿಯಲ್ಲಿ ಬ್ರೌನ್ಸ್‌ನ ರಷಾರ್ಡ್ ಹಿಗ್ಗಿನ್ಸ್‌ಗೆ ಆದದ್ದು ಇದೇ. ಎದುರಾಳಿ ಚೀಫ್ಸ್‌ಗೆ ಚೆಂಡು ಜಾರಿಸಿದ ಆ ಹೊಡೆತದ ಮೇಲೆ ಪೆನಾಲ್ಟಿಯೂ ಬೀಳಲಿಲ್ಲ, ಮೇಲಿಂದ ಚೆಂಡೂ ಸಿಕ್ಕಿತು. ಬ್ರೌನ್ಸ್ ಪಂದ್ಯವನ್ನು 22-17ಕ್ಕೆ ಸೋತಿತು.

ನನ್ನ ಪ್ರಸ್ತಾವ: ಚೆಂಡು ಅಫೆನ್ಸ್ (ದಾಳಿ ಮಾಡುವ ತಂಡ) ಬಳಿಯೇ ಇರಲಿ, ಆದರೆ 20 ಯಾರ್ಡ್ ಗೆರೆಯಿಂದ ಆಡಲಿ. ಡೌನ್ (10 ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು) ಲೆಕ್ಕಕ್ಕೆ ಬರಲಿ. ನಾಲ್ಕನೇ ಡೌನ್ ಆಗಿದ್ದರೆ ಈಗಿನಂತೆಯೇ ಟಚ್‌ಬ್ಯಾಕ್.

ಇಂಪೆಟಸ್

20 ಅಂತ ಮೊಳೆ ಹೊಡೆದರೆ ತೂತು ಅಲ್ಲೇ ಇದೆ. 25ರಲ್ಲಿ ಜಾರಿದ ಚೆಂಡು ಉರುಳಿಕೊಂಡು ಎಂಡ್ ಜೋನ್ ದಾಟಿ ಹೋದರೆ ಅಫೆನ್ಸ್‌ಗೆ ಪುಕ್ಕಟೆ 5 ಯಾರ್ಡ್ ಸಿಗುತ್ತದಲ್ಲ? ‘ಜಾರಿದ ಜಾಗ ಅಥವಾ 20, ಯಾವುದು ಗೋಲ್ ಲೈನಿಂದ ದೂರವೋ ಅದು’ ಅಂತ ಬರೆಯಬೇಕು.

ಆದರೂ ನನ್ನ ಮತ ‘ಇಲ್ಲ’. ಚೆಂಡನ್ನು ಎಂಡ್ ಜೋನ್‌ಗೆ ನೂಕಿದ್ದು ಯಾರ ಬಲ ಅನ್ನೋದರ ಮೇಲೆ ನಿಯಮ ಪುಸ್ತಕ ನಿಂತಿದೆ. ಸ್ವಂತ ಎಂಡ್ ಜೋನ್‌ಗೆ ನೂಕಿಕೊಂಡು ಚೆಂಡು ಹೊರಹೋದರೆ ಸೇಫ್ಟಿ (ಎದುರಾಳಿಗೆ 2 ಅಂಕ), ಎದುರಾಳಿಯ ಎಂಡ್ ಜೋನ್‌ಗೆ ನೂಕಿದರೆ ಟಚ್‌ಬ್ಯಾಕ್. ಪಂಟ್‌ಗೂ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಇದೇ ಲೆಕ್ಕ. ಫಂಬಲ್ ಒಂದಕ್ಕೆ ವಿನಾಯಿತಿ ಕೊಟ್ಟರೆ ಪೈಲಾನ್ ಹತ್ತಿರ ಒಂಟಿ ಕೈಯಲ್ಲಿ ಚೆಂಡು ಚಾಚುವುದಕ್ಕೆ ಇರುವ ಭಯವೇ ಹೋಗುತ್ತದೆ. ಆ ಭಯ ಇರಬೇಕು ಅನ್ನೋದು ನನ್ನ ವಾದ.

ಇನ್ನೊಂದು, ಡಿಫೆನ್ಸ್‌ನವರೇ ಬೇಕಂತ ಚೆಂಡನ್ನು ಹೊರಗೆ ತಳ್ಳಿದರೆ ಈಗಲೂ ಅದು ಅಕ್ರಮ. 2015ರ ಅಕ್ಟೋಬರ್‌ನಲ್ಲಿ ಲಯನ್ಸ್‌ನ ಕ್ಯಾಲ್ವಿನ್ ಜಾನ್ಸನ್ ಕೈಯಿಂದ ಜಾರಿದ ಚೆಂಡನ್ನು ಸೀಹಾಕ್ಸ್‌ನ ಕೆ.ಜೆ. ರೈಟ್ ಹಿಂದಿನ ಗೆರೆಯಾಚೆ ತಳ್ಳಿದ್ದ. ರೆಫ್ರಿ ಟಚ್‌ಬ್ಯಾಕ್ ಕೊಟ್ಟರು, ಸೀಹಾಕ್ಸ್ 13-10ಕ್ಕೆ ಗೆದ್ದಿತು. ಪಂದ್ಯ ಮುಗಿದ ಮೇಲೆ ಲೀಗೇ ತಪ್ಪು ಒಪ್ಪಿಕೊಂಡಿತು. ಅಲ್ಲಿ ನಿಯಮ ಸರಿಯಾಗೇ ಇತ್ತು, ಜಾರಿಗೆ ಬರಲಿಲ್ಲ ಅಷ್ಟೆ.

ಡೀಪ್‌ಬಾಲ್

ಇದಕ್ಕಿಂತ ದೊಡ್ಡ ತಲೆನೋವು ಪಾಸ್ ಇಂಟರ್‌ಫಿಯರೆನ್ಸ್, ಅಂದರೆ ಪಾಸ್ ಹಿಡಿಯುವ ರಿಸೀವರ್‌ಗೆ ಅಡ್ಡಿ ಮಾಡುವ ತಪ್ಪು. ತಪ್ಪು ನಡೆದ ಜಾಗಕ್ಕೇ ಚೆಂಡು, ಜೊತೆಗೆ ಫಸ್ಟ್ ಡೌನ್ (ಹೊಸದಾಗಿ ನಾಲ್ಕು ಯತ್ನ). ಎಂಡ್ ಜೋನ್ ಒಳಗಾದರೆ 1 ಯಾರ್ಡ್ ಗೆರೆ. ಕ್ವಾರ್ಟರ್‌ಬ್ಯಾಕ್‌ಗಳು (ಪಾಸ್ ಎಸೆಯುವವರು) ಇದನ್ನು ಆಯುಧ ಮಾಡಿಕೊಂಡಿದ್ದಾರೆ. ಬೇಕಂತಲೇ ಚೆಂಡನ್ನು ನಾಲ್ಕೈದು ಯಾರ್ಡ್ ಕಡಿಮೆ ಎಸೆಯುವುದು, ರಿಸೀವರ್ ಗಕ್ಕನೆ ನಿಲ್ಲುವುದು, ಬೆನ್ನು ತಿರುಗಿಸಿ ಓಡಿಬರುತ್ತಿದ್ದ ಕಾರ್ನರ್ (ರಿಸೀವರ್‌ಗೆ ಕಾವಲಿರುವ ಡಿಫೆನ್ಸ್ ಆಟಗಾರ) ಅವನಿಗೆ ಡಿಕ್ಕಿ ಹೊಡೆಯುವುದು. 40 ಯಾರ್ಡ್ ಕೈಗೆ ಬಂತು, ಕ್ಯಾಚೂ ಬೇಕಿಲ್ಲ.

ಕಾಲೇಜಿನ ಹಾಗೆ 15 ಯಾರ್ಡ್‌ಗೆ ಮಿತಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿದರೆ ಏನಾಗುತ್ತೆ ನೋಡಿ. ಕಾರ್ನರ್ ಸೋತು ಎರಡು ಹೆಜ್ಜೆ ಹಿಂದೆ ಬಿದ್ದಿದ್ದಾನೆ, ಚೆಂಡು ಗಾಳಿಯಲ್ಲಿದೆ. 60 ಯಾರ್ಡ್ ಟಚ್‌ಡೌನ್ ಕೊಡುವುದಕ್ಕಿಂತ ಜೆರ್ಸಿ ಹಿಡಿದು ಕೆಡವಿ 15 ಕೊಡುವುದು ಲಾಭ. ಯಾವ ಕೋಚ್ ಆದರೂ ಅದನ್ನೇ ಹೇಳಿಕೊಡುತ್ತಾನೆ.

ಹಾಗಾಗಿ ಎರಡು ಹಂತ ಮಾಡಿ: ಕೈಯಿಂದ ಹಿಡಿದರೆ ಅಥವಾ ಎಳೆದರೆ ಈಗಿನಂತೆ ತಪ್ಪು ನಡೆದ ಜಾಗ; ಬರೀ ಡಿಕ್ಕಿಯಾದರೆ 15 ಮತ್ತು ಫಸ್ಟ್ ಡೌನ್. ಕಾರ್ನರ್ ಚೆಂಡಿನ ಕಡೆ ನೋಡುತ್ತಿದ್ದನೋ ಇಲ್ಲವೋ ಅನ್ನೋದಕ್ಕಿಂತ ಬಟ್ಟೆ ಎಳೆದದ್ದು ರೆಫ್ರಿ ಕಣ್ಣಿಗೆ ಬೇಗ ಬೀಳುತ್ತದೆ. ರಿವ್ಯೂಗೆ ಮಾತ್ರ ಮತ್ತೆ ಕೊಡಬೇಡಿ. ಎದ್ದು ಕಾಣುವ ಇಂಥ ತಪ್ಪಿಗೆ ರೆಫ್ರಿ ಫ್ಲ್ಯಾಗ್ ಹಾಕದ 2019ರ ಜನವರಿಯ ಸೇಂಟ್ಸ್–ರ‍್ಯಾಮ್ಸ್ ಗಲಾಟೆ ಆದಮೇಲೆ ಒಂದು ಸೀಸನ್ ಅದನ್ನೂ ಮಾಡಿ ನೋಡಿದರು. ಕಣ್ಣಿಗೆ ರಾಚುವಂಥ ತಪ್ಪುಗಳೂ ಸ್ಲೋ ಮೋಷನ್‌ನಲ್ಲಿ ಹಾಗೇ ಉಳಿದವು, ಮರುವರ್ಷ ಕೈಬಿಟ್ಟರು.

ಮೂರನೇಡೌನ್_20

ನನ್ನ ಮತ ಡಿಫೆನ್ಸಿವ್ ಹೋಲ್ಡಿಂಗ್‌ಗೆ (ಡಿಫೆನ್ಸ್‌ನವನು ರಿಸೀವರ್‌ನನ್ನು ಹಿಡಿದುಕೊಳ್ಳುವ ತಪ್ಪು). ಶಿಕ್ಷೆ 5 ಯಾರ್ಡ್, ಆದರೆ ಫಸ್ಟ್ ಡೌನ್ ತಾನಾಗೇ ಬಂದುಬಿಡುತ್ತದೆ. ಮೂರನೇ ಡೌನ್‌ಗೆ 20 ಬೇಕಿದ್ದಾಗ, ಚೆಂಡು ಹೋಗದ ಬದಿಯಲ್ಲಿ ಯಾರೋ ತೋಳು ಹಿಡಿದ ಅಂತ ಪಂಟ್ ತಪ್ಪುತ್ತದೆ. ಯಾರ್ಡ್ 10ಕ್ಕೆ ಏರಿಸಿ, ಪುಕ್ಕಟೆ ಫಸ್ಟ್ ಡೌನ್ ತೆಗೆಯಿರಿ, ಡೌನ್ ಮತ್ತೆ ಆಡಿಸಿ. 5ಕ್ಕೇ ಬಿಟ್ಟು ಫಸ್ಟ್ ಡೌನ್ ಮಾತ್ರ ತೆಗೆದರೆ, ಪಂದ್ಯದ ಕೊನೆಯಲ್ಲಿ ಮುನ್ನಡೆ ಇರುವ ತಂಡ ಪ್ರತಿ ಆಟದಲ್ಲೂ ಎಲ್ಲ ರಿಸೀವರ್‌ಗಳನ್ನೂ ಹಿಡಿದು ಸಮಯ ಕಳೆಯುತ್ತದೆ. ಆದ್ದರಿಂದ ಎರಡನೇ ಮತ್ತು ನಾಲ್ಕನೇ ಕ್ವಾರ್ಟರ್‌ಗಳ ಕೊನೆಯ ಎರಡು ನಿಮಿಷ ಹಳೆಯ ನಿಯಮವೇ ಇರಲಿ.

ಆನ್‌ಸೈಡ್ ಕಿಕ್ (ಒದ್ದ ತಂಡವೇ ಚೆಂಡನ್ನು ಮತ್ತೆ ಹಿಡಿಯಲು ನೋಡುವ ಗಿಡ್ಡ ಕಿಕ್) ಬದಲಿಗೆ ‘ನಾಲ್ಕನೇ ಡೌನ್, 20 ಯಾರ್ಡ್’ ಆಡಿಸಿ ಅನ್ನುವವರು ಇದನ್ನು ಮೊದಲು ಬಗೆಹರಿಸಲಿ. ಈಗಿನ ಪುಸ್ತಕ ಹಾಗೇ ಇದ್ದರೆ ಒಂದು ಹೋಲ್ಡಿಂಗ್ ಫ್ಲ್ಯಾಗ್ ಬಿದ್ದರೂ ಸಾಕು, 20 ಯಾರ್ಡ್ ದಾಟಬೇಕಾದ ಆಟ 5ಕ್ಕೇ ಗೆದ್ದ ಹಾಗೆ.

ಗೋಲ್‌ಲೈನ್_ನೋಟ

@ಇಂಪೆಟಸ್, ‘ಯಾವುದು ದೂರವೋ ಅದು’ ತಿದ್ದುಪಡಿ ಒಪ್ಪಿದೆ. ಭಯದ ವಾದ ಒಪ್ಪಲ್ಲ. ಎರಡನೇ ಡೌನ್‌ನಲ್ಲಿ 1ರ ಗೆರೆಯಿಂದ 20ಕ್ಕೆ ಹೋಗಿ ಮೂರನೇ ಡೌನ್ ಆಡಬೇಕಾಗುತ್ತದೆ, 19 ಯಾರ್ಡ್ ಕಳೆದುಕೊಂಡು. ಅಷ್ಟು ಭಯ ಸಾಲದಾ?

ಚೆಂಡಿನೊಳಗಿನ ಚಿಪ್‌ನಿಂದಲೇ ಜಾಗ ಗುರುತಿಸಬಾರದೇಕೆ ಅಂತ ಒಬ್ಬರು ಮೆಸೇಜ್‌ನಲ್ಲಿ ಕೇಳಿದ್ದಾರೆ. ಯಾರಿಗಾದರೂ ಗೊತ್ತಾ?

ಇಂಪೆಟಸ್

2025ರಿಂದ ಹಾಕ್-ಐ (ಕ್ಯಾಮೆರಾ ವ್ಯವಸ್ಥೆ) ಬಂದಿರುವುದು ಚೈನ್‌ಗೆ (10 ಯಾರ್ಡ್ ಅಳೆಯುವ ಸರಪಳಿ) ಬದಲಾಗಿ. ರೆಫ್ರಿ ಇಟ್ಟ ಚೆಂಡಿನಿಂದ ಫಸ್ಟ್ ಡೌನ್ ಗೆರೆಗೆ ಎಷ್ಟು ದೂರ ಅಂತ ಅಳೆಯುತ್ತದೆ. ಚೆಂಡು ಎಲ್ಲಿ ಇಡಬೇಕು ಅನ್ನೋದು ಈಗಲೂ ಮನುಷ್ಯರ ಕೈಯಲ್ಲೇ ಇದೆ.

ಚಿಪ್‌ಗೆ ತನ್ನ ಜಾಗ ಗೊತ್ತು, ಚೆಂಡಿನ ತುದಿ ಎಲ್ಲಿದೆ ಅಂತ ಗೊತ್ತಿರಲ್ಲ. ಚೆಂಡಿನ ಉದ್ದ ಸುಮಾರು 11 ಇಂಚು. ಅಂದರೆ ಅದು ಉದ್ದಕ್ಕೆ ಇದೆಯೋ ಅಡ್ಡಕ್ಕೆ ಇದೆಯೋ ಅನ್ನೋದರ ಮೇಲೆ ತುದಿ ಕೆಲವು ಇಂಚು ಆಚೀಚೆ, ಜಗಳ ಆಗುವುದೂ ಅಷ್ಟೇ ಇಂಚಿಗೆ. ಅದರ ಮೇಲೆ ಮಂಡಿ ಯಾವಾಗ ನೆಲಕ್ಕೆ ತಾಗಿತು, ಫಾರ್ವರ್ಡ್ ಪ್ರೋಗ್ರೆಸ್ (ಚೆಂಡು ಹಿಡಿದವನ ಮುನ್ನಡೆ) ಎಲ್ಲಿ ನಿಂತಿತು ಅನ್ನೋದನ್ನ ಚಿಪ್ ಹೇಳಲ್ಲ. 2025ರ ಜನವರಿಯಲ್ಲಿ ಬಿಲ್ಸ್‌ನ ಜಾಶ್ ಆಲನ್ ನಾಲ್ಕನೇ ಡೌನ್‌ನಲ್ಲಿ ಚೀಫ್ಸ್ ಗುಂಪಿನೊಳಗೆ ನುಗ್ಗಿದನಲ್ಲ, ಅಲ್ಲಿ ಚೆಂಡು ಯಾವ ಕ್ಯಾಮೆರಾಗೂ ಸರಿಯಾಗಿ ಕಾಣಲಿಲ್ಲ. ಚಿಪ್ ಜಾಗ ಹೇಳಿದ್ದರೂ ‘ಯಾವ ಕ್ಷಣದ ಜಾಗ?’ ಅನ್ನೋ ಪ್ರಶ್ನೆ ಬದಿಯಲ್ಲಿ ನಿಂತ ರೆಫ್ರಿಗಳಿಗೇ ವಾಪಸ್ ಬರುತ್ತಿತ್ತು.