ಏಪ್ರಿಲ್ ಕೊನೆಯಲ್ಲಿ ಕೊಡಗಿನಲ್ಲಿ ಕೂತು ಓದಲು ಎಲ್ಲಿ ಜಾಗ?

ಪುಸ್ತಕದಚೀಲ:
ಏಪ್ರಿಲ್ ಕೊನೆಯ ವಾರ, ನಾಲ್ಕು ದಿನ. ಮಡಿಕೇರಿ, ಸಿದ್ದಾಪುರ, ಕುಶಾಲನಗರ ಸುತ್ತಮುತ್ತ ದಿನಕ್ಕೆ ನಾಲ್ಕೈದು ಗಂಟೆ ನೆಮ್ಮದಿಯಾಗಿ ಓದಬೇಕು. ವ್ಯೂ ಪಾಯಿಂಟುಗಳ ಪಟ್ಟಿ ಬೇಡ. ಬೆಳಕು, ನೆರಳು, ಗಲಾಟೆ, ಮಳೆ ಬಲ್ಲವರು ಹೇಳಿ. ಹಳೆಯ ಪುಸ್ತಕಗಳೂ ಜೊತೆಗಿವೆ, ಅವು ಕೆಡಬಾರದು.

ಐಮರ:
ಮೊದಲು ದಿಕ್ಕು ನೋಡಿ, ಆಮೇಲೆ ಜಾಗ. ಮಡಿಕೇರಿಯ ರಾಜಾಸೀಟ್ ಉದ್ಯಾನ ಪಶ್ಚಿಮಕ್ಕೆ ತೆರೆದುಕೊಂಡಿದೆ. ಬೆಳಿಗ್ಗೆ ಮರದಡಿಯ ಬೆಂಚು ಸಿಕ್ಕರೆ ಹತ್ತರವರೆಗೂ ಸೊಗಸು. ಮೂರರ ಮೇಲೆ ಬಿಸಿಲು ನೇರ ಮುಖಕ್ಕೆ ಬಡಿಯುತ್ತದೆ, ಐದಕ್ಕೆ ಸೂರ್ಯಾಸ್ತ ನೋಡುವವರು ತುಂಬಿಕೊಳ್ಳುತ್ತಾರೆ. ಸಂಜೆ ಅಲ್ಲಿ ಓದುವ ಆಸೆ ಬಿಡಿ.

ನನ್ನ ಮತ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ) ಮಾದರಿಯ ಹಳೆಯ ಮನೆಗೆ. ಅವು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ. ಹತ್ತರವರೆಗೆ ಕಯ್ಯಾಲೆಗೆ, ಅಂದರೆ ಮುಂದಿನ ಜಗಲಿಗೆ, ಎಳೆಬಿಸಿಲು, ಮಧ್ಯಾಹ್ನದ ನಂತರ ಮನೆಯದೇ ನೆರಳು. ಕಂಬಗಳ ನಡುವಿನ ಐಮರದ (ಕೂರುವ ಮರದ ಹಲಗೆ) ಮೇಲೆ ಕೂತರೆ ಪುಟದ ಮೇಲೆ ಬೆಳಕು ಸಮನಾಗಿ ಬೀಳುತ್ತದೆ. ಕೂರುವ ಮುಂಚೆ ಮನೆಯ ಹಿರಿಯರನ್ನು ಕೇಳಿ. ಹೋಂಸ್ಟೇ ಬುಕ್ ಮಾಡುವಾಗ ಫೋಟೊ ಕೇಳುವ ಬದಲು ಜಗಲಿ ಯಾವ ದಿಕ್ಕಿಗಿದೆ ಎಂದು ಕೇಳಿ.

ಇನ್ನೊಂದು ಮಾತು. ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 23–24ರ ಹೊತ್ತಿಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಅದೂ 12 ಗಂಟೆಗಲ್ಲ, ಸುಮಾರು 12.25ಕ್ಕೆ. ಆ ಹೊತ್ತಿನಲ್ಲಿ ಗೋಡೆಗೆ ನೆರಳೇ ಇರುವುದಿಲ್ಲ. ಮಾಡಿನ ಕೆಳಗೇ ಇರಿ.

ಹೂಮಳೆ:
ತೋಟದಲ್ಲಿ ಓದುವುದಾದರೆ ಮರ ನೋಡಿ ಕೂರಿ. ಸಿಲ್ವರ್ ಓಕ್‌ನ ಎಲೆ ಸೀಳುಸೀಳು. ಗಾಳಿಗೆ ಬಿಸಿಲಿನ ಚುಕ್ಕೆಗಳು ಪುಟದ ಮೇಲೆ ಕುಣಿದು ಅರ್ಧ ಗಂಟೆಗೇ ಕಣ್ಣು ಸೋಲುತ್ತದೆ. ಅತ್ತಿ, ಬಸರಿಯ ನೆರಳು ದಟ್ಟ, ಅಲುಗಾಟ ಕಡಿಮೆ. ಹಲಸಿನ ನೆರಳೂ ಒಳ್ಳೆಯದೇ, ಆದರೆ ಹಣ್ಣಿನ ಕಾಲದಲ್ಲಿ ಆನೆ ಹುಡುಕಿಕೊಂಡು ಬರುವುದು ಅದೇ ಮರವನ್ನು. ಸಿದ್ದಾಪುರ, ವಿರಾಜಪೇಟೆ ಕಡೆ ಅವತ್ತು ಬೆಳಿಗ್ಗೆ ಆನೆ ಸುಳಿದಿದೆಯೇ ಎಂದು ತೋಟದ ಕೆಲಸದವರನ್ನು ಕೇಳದೆ ಒಳಗೆ ಹೋಗಬೇಡಿ. ಇಯರ್‌ಫೋನ್ ಬೇಡವೇ ಬೇಡ. ನಾಲ್ಕೂವರೆಗೆ ಎದ್ದುಬಿಡಿ.

ತಲೆಯ ಮೇಲೆ ಎಲೆ ಹೆಣೆದ ಚಗಳಿ ಇರುವೆಯ ಗೂಡು ಇದೆಯೇ ನೋಡಿ. ಒಣಗಿದ ತರಗೆಲೆಯ ಮೇಲೆ ಚಾಪೆ ಹಾಸಿದರೆ ರಕ್ತ ಹೀರುವ ಉಣುಗು ಹತ್ತುತ್ತದೆ, ಮಡಚುವ ಕುರ್ಚಿಯೇ ಲೇಸು. ಕಾಫಿ ಒಣಗಿಸುವ ಕಣದ ಅಂಚಿನಲ್ಲೂ ಕೂರಬೇಡಿ, ಸಿಮೆಂಟು ಬಿಸಿಲನ್ನು ಕೆಳಗಿನಿಂದ ಕಣ್ಣಿಗೆ ಎಸೆಯುತ್ತದೆ.

ಪುಸ್ತಕದಚೀಲ:
ಕುಶಾಲನಗರದ ನಿಸರ್ಗಧಾಮ ಹೇಗೆ? ಗುಡುಗಿನ ಕಾಟ ಎಷ್ಟು?

ಹೊಳೆಬದಿ:
ವಾರದ ದಿನ, ಬೆಳಿಗ್ಗೆ ಹೋದರೆ ಬಿದಿರು ಮೆಳೆಯ ನೆರಳು ಸಿಗುತ್ತದೆ. ಶನಿವಾರ, ಭಾನುವಾರ ತೂಗುಸೇತುವೆಯ ಗದ್ದಲದಲ್ಲಿ ಒಂದು ಪುಟವೂ ತಲೆಗೆ ಹೋಗದು. ಕುಶಾಲನಗರ ಮಡಿಕೇರಿಗಿಂತ ಸುಮಾರು 300 ಮೀಟರ್ ತಗ್ಗಿನಲ್ಲಿದೆ, ಹಾಗಾಗಿ ಸೆಕೆ ಎರಡು ಡಿಗ್ರಿಯಷ್ಟು ಹೆಚ್ಚು ಎಂದುಕೊಳ್ಳಿ.

ಏಪ್ರಿಲ್ ಗುಡುಗು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಗಾಳಿ ನಿಂತು ಸೆಕೆ ಬಿಗಿಯಾದರೆ ಪುಸ್ತಕ ಮುಚ್ಚಿ. ಮಿಂಚು ಕಂಡಲ್ಲಿಂದ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. 30 ಸೆಕೆಂಡಿಗಿಂತ ಕಡಿಮೆ ಬಂದರೆ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ. ಒಂಟಿ ಮರದ ಬುಡವೂ ನಾಲ್ಕು ಕಂಬದ ಶೀಟು ಚಪ್ಪರವೂ ಆಸರೆಯಲ್ಲ. ಮಳೆ ಹೊಡೆದರೆ ಕರೆಂಟು ಹೋಗುತ್ತದೆ, ಚಾರ್ಜ್ ಮಾಡಿದ ದೀಪ ಇಟ್ಟುಕೊಳ್ಳಿ.

ಬೂಸುವೈರಿ:
ಪುಸ್ತಕದ ಬಗ್ಗೆ ಯಾರೂ ಹೇಳಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ದಿನಗಟ್ಟಲೆ ಬಿಗಿದಿಟ್ಟರೆ ತೇವ ಒಳಗೇ ಉಳಿದು ಬೂಸು ಹಿಡಿಯುತ್ತದೆ. ಹತ್ತಿಬಟ್ಟೆಯ ಚೀಲದಲ್ಲಿಟ್ಟು, ಮಳೆ ಬಂದಾಗ ಮಾತ್ರ ಮೇಲೆ ಪ್ಲಾಸ್ಟಿಕ್ ಹಾಕಿ, ರಾತ್ರಿ ತೆಗೆದಿಡಿ.

ನೆನೆದರೆ ಬಿಸಿಲಿಗೆ ಇಡಬೇಡಿ, ಹಾಳೆ ಸೊಟ್ಟಗಾಗುತ್ತದೆ. ಇಪ್ಪತ್ತು ಹಾಳೆಗೊಂದರಂತೆ ಬಿಳಿ ಟಿಶ್ಯೂ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿ, ಟಿಶ್ಯೂ ಒದ್ದೆಯಾದ ಹಾಗೆ ಬದಲಿಸಿ. ನ್ಯೂಸ್‌ಪೇಪರ್ ಬೇಡ, ಮಸಿ ಅಂಟುತ್ತದೆ. ನುಣುಪು ಆರ್ಟ್ ಪೇಪರಿನ ಪುಸ್ತಕವಾದರೆ ಒದ್ದೆ ಇರುವಾಗಲೇ ಒಂದೊಂದು ಹಾಳೆ ಬಿಡಿಸಿ. ಅಂಟಿಕೊಂಡು ಒಣಗಿದರೆ ಮತ್ತೆ ಬಿಡಿಸಲಾಗದು. ಎಲ್ಲವೂ ಎರಡು ದಿನದೊಳಗೆ ಒಣಗಬೇಕು, ತಡವಾದರೆ ಬೂಸು ಏಳುತ್ತದೆ.