ಬೆಳಗಾವಿ ರಗ್ಬಿ ತಂಡ: ಸಂಬಳ ಕೊಟ್ಟು ಆಡಿಸೋ ಮೊದಲ ಸೀಸನ್, ರೊಕ್ಕ ಎಲ್ಲಿ ಹಾಕಬೇಕು?

ಲಾಕ್_ಬೆಳಗಾವಿ (ಪ್ರಶ್ನೆ):

ನಮಸ್ಕಾರ ರೀ ಎಲ್ಲಾರಿಗೂ. 15 ಮಂದಿ ಆಟದ ರಗ್ಬಿ ಯೂನಿಯನ್ ತಂಡ ನಮ್ಮದು. ಇಷ್ಟು ದಿನ ಹುಡುಗೂರು ನೌಕರಿ, ಕಾಲೇಜು ಮುಗಿಸಿ ಸಂಜೀ ಮುಂದ ಬಂದು ಆಡತಿದ್ರು. ಈಗ ಪ್ರಾಯೋಜಕರು ಎರಡು ವರ್ಷಕ್ಕ ಒಪ್ಪಿಕೊಂಡಾರ, 28 ಮಂದಿಗೆ ತಿಂಗಳಾ ಸಂಬಳ ಕೊಡೋದು ಅಂತ ಆಗೈತಿ. ಅಕ್ಟೋಬರ್‌ಕ್ಕ ಸೀಸನ್ ಚಾಲೂ. ಅರ್ಧಕ್ಕರ್ಧ ಹುಡುಗೂರು ಕಬಡ್ಡಿ ಇಲ್ಲಾ ಕುಸ್ತಿಯಿಂದ ಬಂದವರು.

ಮೂರು ವಿಷಯ ತೀರ್ಮಾನ ಆಗಬೇಕಾಗೈತಿ. ಹೊರದೇಶದ ಒಬ್ಬ ಒಳ್ಳೆ ಫ್ಲೈ ಹಾಫ್ (ಚೆಂಡು ಒದ್ದು, ಹಂಚಿ ಆಟ ನಡಸೋ ಹತ್ತನೇ ನಂಬರಿನವ) ತರೂಣು ಅಂತ ಪ್ರಾಯೋಜಕರ ಮಾತು, ಅದು ಸರಿಯೇನು? "ಸಂಬಳ ಕೊಡತೀವಿ, ದಿನಾ ಎರಡು ಹೊತ್ತು ಫುಲ್ ಕಾಂಟ್ಯಾಕ್ಟ್ (ಪೂರ್ತಿ ಜೋರಿನಿಂದ ಮೈಗೆ ಮೈ ಬಡಿಯೋ ಅಭ್ಯಾಸ) ಮಾಡಸ್ರಿ" ಅಂತ ಆಡಳಿತದವರು ಪಟ್ಟು ಹಿಡದಾರ, ಇದಕ್ಕ ಏನು ಉತ್ತರ ಕೊಡಬೇಕು? ಮೈದಾನ ಎರಡು ಕಡೆ ಸಿಗತಾವು, ಬೆಳಗಾವಿ ಒಳಗ ಕೆಂಪು ಮಣ್ಣಿನದು ಬಾಡಿಗಿಗೆ, ಬಾಗಲಕೋಟೆ ಕಡೆ ಎರೆ ಮಣ್ಣಿನದು ಪುಗಸಟ್ಟೆ. ಯಾವುದು ಹಿಡೀಬೇಕು?

ಮುಧೋಳ_ಪ್ರಾಪ್:

ಹತ್ತನೇ ನಂಬರಿನವನ ವಿಚಾರ ಆಮೇಲೆ. ಮೊದಲ ನಿಮ್ಮ ಪಟ್ಟಿ ತಗದು ಮುಂದಿನ ಸಾಲಿಗೆ, ಅಂದ್ರ ಸ್ಕ್ರಮ್‌ನೊಳಗ (ಎರಡೂ ಕಡೆ ಎಂಟೆಂಟು ಮಂದಿ ಬಗ್ಗಿ ತೆಕ್ಕಿ ಬಿದ್ದು ನೂಕಾಡೋದು) ಮುಂದ ನಿಲ್ಲೋ ಮೂರು ಜಾಗಕ್ಕ, ಎಷ್ಟು ಮಂದಿ ಅದಾರ ಎಣಸ್ರಿ. 23 ಮಂದಿ ಹೆಸರು ಕೊಟ್ಟು ಪಂದ್ಯಕ್ಕ ಇಳಿದ್ರ ಅದರೊಳಗ ಕನಿಷ್ಠ 6 ಮಂದಿ ಮುಂದಿನ ಸಾಲಿನ ತರಬೇತಿ ಆದವರು ಇರಬೇಕು ಅಂತ ನಿಯಮನ ಐತಿ. 19ರಿಂದ 22 ಮಂದಿ ಇದ್ರ 5, 16ರಿಂದ 18 ಇದ್ರ 4. ಲೂಸ್‌ಹೆಡ್ (ಎಡಗಡೆ ಪ್ರಾಪ್), ಹುಕರ್ (ನಡುವಿನವ), ಟೈಟ್‌ಹೆಡ್ (ಬಲಗಡೆ ಪ್ರಾಪ್), ಮೂರೂ ಜಾಗದೊಳಗ ಮೊದಲನೇದವ ಹೊರಗ ಹೋದ್ರ ಅದೇ ಜಾಗಕ್ಕ ಒಗ್ಗಿದ ಇನ್ನೊಬ್ಬ ಕುಂತಿರಬೇಕು. ಇಲ್ಲಂದ್ರ ಸ್ಕ್ರಮ್ ನೂಕಾಟ ಇಲ್ಲದ ಸ್ಕ್ರಮ್ ಆಗತೈತಿ. ನಿಮ್ಮ ಜೋರ್ ಅಲ್ಲೇ ಇದ್ರ ಅಲ್ಲಿಗೇ ಪಂದ್ಯ ಕೈ ಬಿಟ್ಟಂಗ.

ಒಂದು ಸೀಸನ್ ಪೂರ್ತಿ ಎಳಿಯಾಕ ಪ್ರತಿ ಜಾಗಕ್ಕ ಮೂರು ಮಂದಿಯಂಗ 9 ಮಂದಿ ಮುಂದಿನ ಸಾಲು ಬೇಕು. ಅದರ ಮ್ಯಾಲ 4 ಲಾಕ್ (ಸ್ಕ್ರಮ್‌ನ ಎರಡನೇ ಸಾಲು), 6 ಬ್ಯಾಕ್ ರೋ (ಸ್ಕ್ರಮ್‌ನ ಹಿಂದಿನ ಸಾಲು), 3 ಸ್ಕ್ರಮ್ ಹಾಫ್ (ಸ್ಕ್ರಮ್‌ನಿಂದ ಚೆಂಡು ತಗದು ಕೊಡಾವ), 2 ಫ್ಲೈ ಹಾಫ್, 4 ಸೆಂಟರ್, ವಿಂಗ್ ಮತ್ತ ಫುಲ್‌ಬ್ಯಾಕ್ ಕೂಡಿ 5. ಒಟ್ಟು 33. ನಿಮ್ಮ 28 ಸಾಲೂದಿಲ್ಲ. ಉಳಿದ 5 ಮಂದಿಗೆ ಪೂರ್ತಿ ಸಂಬಳ ಆಗದಿದ್ರ ಊಟ, ಜಿಮ್ ಮತ್ತ ಪಂದ್ಯದ ಫೀ ಕೊಟ್ಟು ಎಳೇ ಹುಡುಗೂರನ್ನ ಇಟ್ಕೋರಿ. ಫ್ಲೈ ಹಾಫ್‌ಗೆ ಕೊಡೋ ರೊಕ್ಕದಾಗ ಒಬ್ಬ ಅನುಭವಿ ಟೈಟ್‌ಹೆಡ್, ಒಬ್ಬ ಸ್ಕ್ರಮ್ ಕೋಚ್ ಬರತಾರ. ನನ್ನ ಮತ ಅವರಿಗೇ.

ಇನ್ನ ಕಬಡ್ಡಿ, ಕುಸ್ತಿ ಹುಡುಗೂರ ವಿಷಯ. ಅವರ ಕಾಲು, ಸೊಂಟ, ಹಿಡಿತ ಎಲ್ಲಾ ತಯಾರ್ ಐತಿ, ಅಭ್ಯಾಸ ಮಾತ್ರ ತಿದ್ದಬೇಕು. ಕಬಡ್ಡಿಯ ಡ್ಯಾಶ್‌ನೊಳಗ ಕೈ ಸುತ್ತದ ಬರೇ ಭುಜ ಹಾಕಿ ನೂಕತಾರ, ರಗ್ಬಿಯೊಳಗ ಅದು ಪೆನಾಲ್ಟಿ, ತಲೀಗೆ ತಗಲಿದ್ರ ಕಾರ್ಡ್. ತೊಡಿ ಹಿಡದು ಎತ್ತಿ ಒಗಿಯೋದೂ ಹಂಗ, ಎದುರಿನವ ತಲಿ ಕೆಳಗಾಗಿ ಬಿದ್ದಾ ಅಂದ್ರ ಕೆಂಪು ಕಾರ್ಡ್ ಖಾತ್ರಿ. ಕುಸ್ತಿಯವರು ಕಾಲಿಗೆ ಹೊಕ್ಕಾಗ ತಲಿ ಒಳಗಡೆ, ಎದುರಾಳಿ ಹೊಟ್ಟಿ ಮುಂದ ಇಡತಾರ. ಓಡಿ ಬರೋ 100 ಕೆಜಿ ಆಳಿನ ಮುಂದ ಹಂಗ ತಲಿ ಇಟ್ರ ಮೊಣಕಾಲು ನೇರ ಕಪಾಳಕ್ಕ ಬಡಿತೈತಿ. ಗಲ್ಲ ಅವನ ಕುಂಡಿ ಹಿಂದ, ಭುಜ ತೊಡಿಗೆ, ಎರಡೂ ಕೈ ಸುತ್ತಿ ಬಿಗೀಬೇಕು. ಮೊದಲ ಎರಡು ವಾರ ಮೊಣಕಾಲಮ್ಯಾಲ ಕೂಡಿಸಿ, ಎದುರಿನವ ನಡಕೋತ ಬರಲಿ. ಮೂರನೇ ವಾರದಿಂದ ಎದ್ದು ನಿಂತು, ಅರ್ಧ ವೇಗ. ಎಡ ಭುಜ, ಬಲ ಭುಜ ಎರಡಕ್ಕೂ ಅಷ್ಟಷ್ಟೇ ಸಲ ಮಾಡಸ್ರಿ, ಕುಸ್ತಿಯವರು ಒಂದೇ ಕಡೆ ಹೊಕ್ಕೋತ ಹೋಗತಾರ.

ಫಿಸಿಯೋ_ಟಿಳಕವಾಡಿ:

ಎರಡನೇ ಪ್ರಶ್ನೆಗೆ ಉತ್ತರಿಸುತ್ತೇನೆ, ಇದರಲ್ಲಿ ರಾಜಿ ಬೇಡ. ವಾರಕ್ಕೆ ಎಷ್ಟು ಕಾಂಟ್ಯಾಕ್ಟ್ ಅನ್ನುವುದಕ್ಕೆ ವರ್ಲ್ಡ್ ರಗ್ಬಿ ಮತ್ತು ಆಟಗಾರರ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಮಾರ್ಗಸೂಚಿ ಕೊಟ್ಟಿವೆ. ಫುಲ್ ಕಾಂಟ್ಯಾಕ್ಟ್ ವಾರಕ್ಕೆ ಹೆಚ್ಚೆಂದರೆ 15 ನಿಮಿಷ, ಅದೂ ಎರಡು ದಿನ ಮೀರದಂತೆ. ಪ್ಯಾಡ್ ಹಿಡಿದು, ವೇಗ ತಗ್ಗಿಸಿ ಮಾಡುವ ನಿಯಂತ್ರಿತ ಕಾಂಟ್ಯಾಕ್ಟ್ 40 ನಿಮಿಷ. ಸ್ಕ್ರಮ್, ಲೈನ್‌ಔಟ್ (ಗೆರೆಯಾಚೆಯಿಂದ ಎಸೆದ ಚೆಂಡಿಗೆ ಎರಡು ಸಾಲು ಹಾರುವುದು), ಮಾಲ್ (ಚೆಂಡು ಹಿಡಿದವನನ್ನು ನಿಂತಂತೆಯೇ ಗುಂಪಾಗಿ ನೂಕುವುದು), ಇವುಗಳ ಎದುರುಬದುರಿನ ಅಭ್ಯಾಸ 30 ನಿಮಿಷ. ದಿನಕ್ಕಲ್ಲ, ವಾರಕ್ಕೆ. ಇದು ವರ್ಷಗಟ್ಟಲೆ ಪೂರ್ಣಾವಧಿ ಆಡಿ ಗಟ್ಟಿಯಾದ ಮೈಗಳಿಗೆ ಹಾಕಿದ ಮಿತಿ. ಸಂಜೆ ಮಾತ್ರ ಆಡುತ್ತಿದ್ದ ನಿಮ್ಮ ಹುಡುಗರಿಗೆ ದಿನಕ್ಕೆರಡು ಹೊತ್ತು ಹಾಕಿದರೆ ಡಿಸೆಂಬರ್ ಹೊತ್ತಿಗೆ 15 ಮಂದಿ ನಿಲ್ಲಿಸುವುದೂ ಕಷ್ಟವಾಗುತ್ತದೆ. ಪೂರ್ಣಾವಧಿ ಸಂಬಳದಿಂದ ನಿಮಗೆ ಸಿಗುವ ದೊಡ್ಡ ಲಾಭ ಹೊಡೆದಾಟಕ್ಕೆ ಹೆಚ್ಚು ಹೊತ್ತು ಸಿಗುವುದಲ್ಲ, ಹಗಲು ನಿದ್ದೆ, ಹೊತ್ತಿಗೆ ಸರಿಯಾದ ಊಟ ಮತ್ತು ವೇಟ್ ಟ್ರೇನಿಂಗ್‌ಗೆ ಹೊತ್ತು ಸಿಗುವುದು.

ಶನಿವಾರ ಪಂದ್ಯವಿದ್ದರೆ ಭಾನುವಾರ ನಡಿಗೆ, ಈಜು, ನೋವಿನ ತಪಾಸಣೆ. ಸೋಮವಾರ ವಿಡಿಯೋ ಮತ್ತು ಜಿಮ್, ಕಾಂಟ್ಯಾಕ್ಟ್ ಸೊನ್ನೆ. ಮಂಗಳವಾರ ವಾರದ ಭಾರದ ದಿನ: ಸ್ಕ್ರಮ್ 15 ನಿಮಿಷ, ಫುಲ್ ಕಾಂಟ್ಯಾಕ್ಟ್ 10 ನಿಮಿಷ. ಬುಧವಾರ ಪೂರ್ತಿ ರಜೆ. ಗುರುವಾರ ವೇಗದ ಓಟ, ಉಳಿದ 5 ನಿಮಿಷ ಕಾಂಟ್ಯಾಕ್ಟ್, ಲೈನ್‌ಔಟ್. ಶುಕ್ರವಾರ 30 ನಿಮಿಷ ಹಗುರವಾದ ಓಡಾಟ, ಅಷ್ಟೇ. ಹೊರ ಊರಿನ ಪಂದ್ಯ ಇದ್ದಾಗ ಪುಣೆಯೇ 340 ಕಿ.ಮೀ. ಆಸುಪಾಸು, ಬೆಂಗಳೂರು 500. ಪಂದ್ಯ ಮುಗಿದ ರಾತ್ರಿಯೇ ಬಸ್ಸಿನಲ್ಲಿ ಕಾಲು ಮಡಚಿ ಕೂರಿಸಿ ತಂದರೆ ಸೋಮವಾರದ ಜಿಮ್ ವ್ಯರ್ಥ. ಒಂದು ರಾತ್ರಿ ಅಲ್ಲೇ ಉಳಿಸಿ, ಅದಕ್ಕೂ ಬಜೆಟ್ ಹಾಕಿ.

ತಲೆಗೆ ಪೆಟ್ಟಾದರೆ ಅಂದೇ ಮೈದಾನದಿಂದ ಹೊರಗೆ, ಅಂದು ಮತ್ತೆ ಒಳಗಿಲ್ಲ. ಟಿವಿಯಲ್ಲಿ ನೋಡುವ 12 ನಿಮಿಷದ ತಪಾಸಣೆ ತರಬೇತಾದ ವೈದ್ಯರು, ವಿಡಿಯೋ ಇರುವ ಪಂದ್ಯಗಳಿಗೆ ಮಾತ್ರ. ನಿಮ್ಮಲ್ಲಿ ಆ ವ್ಯವಸ್ಥೆ ಬರುವವರೆಗೂ ಸಮುದಾಯ ಆಟದ ನಿಯಮವೇ ಅನ್ವಯ, ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ. ಸಂಬಳ ಹೋದೀತೆಂಬ ಭಯಕ್ಕೆ ಹುಡುಗರು ತಲೆನೋವು ಮುಚ್ಚಿಡುತ್ತಾರೆ. ಆ 21 ದಿನದ ಸಂಬಳ ಕಡಿತವಿಲ್ಲ ಎಂದು ಕರಾರಿನಲ್ಲೇ ಬರೆಯಿರಿ, ಆಗ ತಾವಾಗಿಯೇ ಹೇಳುತ್ತಾರೆ.

ಊಟಕ್ಕೆ ದುಬಾರಿ ಪ್ರೋಟೀನ್ ಪುಡಿಯ ಡಬ್ಬಿ ಬೇಕಿಲ್ಲ. ಪ್ರತಿ ಕೆಜಿ ಮೈತೂಕಕ್ಕೆ ದಿನಕ್ಕೆ 1.6ರಿಂದ 2 ಗ್ರಾಂ ಪ್ರೋಟೀನ್ ಸಾಕು. 100 ಕೆಜಿಯವನಿಗೆ 6 ಮೊಟ್ಟೆ, 300 ಗ್ರಾಂ ಕೋಳಿ, 100 ಗ್ರಾಂ ಹೆಸರುಕಾಳು, 50 ಗ್ರಾಂ ಶೇಂಗಾ, ಅರ್ಧ ಲೀಟರ್ ಹಾಲು, 4 ಜೋಳದ ರೊಟ್ಟಿ ಸೇರಿದರೆ ಸುಮಾರು 170 ಗ್ರಾಂ ಆಗುತ್ತದೆ. ಅಭ್ಯಾಸಕ್ಕೆ ಮುಂಚೆ, ಆಮೇಲೆ ತೂಕ ನೋಡಿ. ಇಳಿದ ಪ್ರತಿ ಕೆಜಿಗೆ ಒಂದೂವರೆ ಲೀಟರ್ ನೀರು, ಜೊತೆಗೆ ಉಪ್ಪು. ಜಿಮ್‌ನಲ್ಲಿ ಸಿಗುವ ಗುರುತಿಲ್ಲದ ಪುಡಿಗಳನ್ನು ಮುಟ್ಟಬಾರದು. ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಗೊತ್ತಿಲ್ಲದೆ ತಿಂದೆ ಅಂದರೂ ಹೊಣೆ ಆಟಗಾರನದೇ.

ಹಾಫ್‌ಬ್ಯಾಕ್_ಜಮಖಂಡಿ:

ಫ್ಲೈ ಹಾಫ್ ಬ್ಯಾಡ ಅನ್ನೋದು ನನಗ ಒಪ್ಪಿಗಿಲ್ಲ. 1995ರ ಆಗಸ್ಟ್ ಕೊನೀಗೆ ಪ್ಯಾರಿಸ್‌ನೊಳಗ ಯೂನಿಯನ್ ಆಟಾನ ವೃತ್ತಿಪರರಿಗೆ ತೆರೆದರಲ್ಲ, ಆಗ ಇಂಗ್ಲೆಂಡ್‌ನ ನ್ಯೂಕ್ಯಾಸಲ್ ಕ್ಲಬ್ಬಿನ ಮಾಲೀಕ ಸರ್ ಜಾನ್ ಹಾಲ್ ಮೊದಲ ಕರಕೊಂಡು ಬಂದಿದ್ದೇ ಫ್ಲೈ ಹಾಫ್ ರಾಬ್ ಆಂಡ್ರೂ ಅವರನ್ನ. ಕೆಳಗಿನ ಡಿವಿಷನ್‌ದಾಗಿದ್ದ ತಂಡ 1997ಕ್ಕ ಮ್ಯಾಲ ಬಂತು, 1997-98ರಾಗ ಇಂಗ್ಲೆಂಡ್ ಲೀಗ್ ಗೆದ್ದೇಬಿಡ್ತು. ಆಟ ನಡಸಾವ ಇಲ್ಲದ ಬರೇ ಪ್ರಾಪ್‌ಗೋಳ ಕಟಗೊಂಡು ಏನು ಮಾಡತೀರಿ?

ಮುಧೋಳ_ಪ್ರಾಪ್:

ಅಣ್ಣಾರ, ಅದೇ ತಂಡದ ಪಟ್ಟಿ ಇನ್ನೊಮ್ಮೆ ನೋಡ್ರಿ. ಐರ್ಲೆಂಡ್‌ನ ಲೂಸ್‌ಹೆಡ್ ನಿಕ್ ಪಾಪಲ್‌ವೆಲ್, ಲಾಕ್ ಡಾಡಿ ವಿಯರ್, ಬ್ಯಾಕ್ ರೋಗೆ ಡೀನ್ ರಯಾನ್, ಎಲ್ಲಾರೂ ಇದ್ರು. ಆಂಡ್ರೂ ಬರೇ ಆಟಗಾರ ಆಗಿ ಬರಲಿಲ್ಲ, ಇಡೀ ರಗ್ಬಿ ವಿಭಾಗ ಕಟ್ಟಾಕ ಬಂದ್ರು. ನಿಮ್ಮವ ಬಂದಾವ ಹುಡುಗೂರಿಗೆ ಒದಿಯೋದು ಕಲಸತಾನ, ಕೋಚಿಂಗೂ ಮಾಡತಾನ ಅಂದ್ರ ನನ್ನ ತಕರಾರಿಲ್ಲ. ಬರೇ ಪೋಸ್ಟರ್ ಮ್ಯಾಲ ಹಾಕಾಕಾದ್ರ ಬ್ಯಾಡ.

ಲೆಕ್ಕ_ಹುಕ್ಕೇರಿ:

ನ್ಯೂಕ್ಯಾಸಲ್ ಹೆಸರು ಬಂದ ಮ್ಯಾಲ ಲಂಡನ್ ಕಡೆಯ ರಿಚ್‌ಮಂಡ್ ಹೆಸರೂ ಬರಬೇಕು. 1996ರಾಗ ಆಶ್ಲಿ ಲೆವೆಟ್ ಒಬ್ಬರ ರೊಕ್ಕದ ಮ್ಯಾಲ ನಿಂತು ಮ್ಯಾಲಿನ ಡಿವಿಷನ್‌ಗೆ ಏರಿದ ಕ್ಲಬ್ ಅದು. 1999ರಾಗ ಅವರು ಕೈ ತಗದ ಕೂಡಲೇ ಬಿತ್ತು. ರಿಚ್‌ಮಂಡ್, ಲಂಡನ್ ಸ್ಕಾಟಿಷ್ ಎರಡನ್ನೂ ಲಂಡನ್ ಐರಿಷ್ ಜೋಡಿ ಸೇರಿಸಿಬಿಟ್ರು. ಮುಂದ ಆ ಲಂಡನ್ ಐರಿಷೂ 2023ರಾಗ ಹೋತು. ಅದಕ್ಕೂ ಮೊದಲ, 2022ರಾಗ ವೂಸ್ಟರ್ ಮತ್ತ ವಾಸ್ಪ್ಸ್ ಕ್ಲಬ್ಬುಗಳು ಹೋದ್ವು. ಕಾರಣ ಎಲ್ಲಾ ಕಡೆ ಹತ್ತಿರತ್ತಿರ ಒಂದೇ: ಆದಾಯಕ್ಕಿಂತ ಸಂಬಳ ಮುಂದ ಓಡಿದ್ದು, ಒಬ್ಬರ ಕಿಸೆ ಮ್ಯಾಲ ಎಲ್ಲಾ ನಿಂತಿದ್ದು.

ನಿಮ್ಮ ಪ್ರಾಯೋಜಕರು ಎರಡು ವರ್ಷ ಅಂದಾರ, ಅದು ಬಾಯಿಮಾತೋ ಬರವಣಿಗಿಯೋ ಮೊದಲ ಖಾತ್ರಿ ಮಾಡ್ಕೋರಿ. ಮೂರು ತಿಂಗಳ ಸಂಬಳದಷ್ಟು ರೊಕ್ಕ ಸೀಸನ್ ಚಾಲೂ ಆಗೋಕಿಂತ ಮೊದಲ ಬೇರೆ ಖಾತೆಯೊಳಗ ಬಿದ್ದಿರಬೇಕು. ಆಟಗಾರರ ಕರಾರು 12 ತಿಂಗಳದ್ದು ಇರಲಿ, ಬರೇ ಸೀಸನ್ನಿಂದು ಬ್ಯಾಡ. ಮೊಣಕಾಲಿನ ಎಸಿಎಲ್ (ಒಳಗಿನ ಲಿಗಮೆಂಟ್) ಹರದ್ರ ಆಪರೇಷನ್ ಆದಮ್ಯಾಲ ಆಟಕ್ಕ ಬರಾಕ 9 ತಿಂಗಳು ಬೇಕು, ಆರು ತಿಂಗಳ ಕರಾರಿನ ಹುಡುಗ ಆಗ ಬೀದಿಗೆ ಬೀಳತಾನ.

ಬಹಳ ಮಂದಿ ತಪ್ಪಿಸಿಕೊಳ್ಳೋ ಮಾತೊಂದು ಐತಿ. ಹುಡುಗೂರ ಹೆಸರಿಲೆ ಈಗಿರೋ ಅಪಘಾತ ವಿಮೆ ತಗದು ಹೊರತುಪಡಿಸಿದ ವಿಷಯಗಳ ಪುಟ ಓದ್ರಿ. "ವೃತ್ತಿಪರ ಕ್ರೀಡೆ" ಅನ್ನೋದು ಬಹಳ ಪಾಲಿಸಿಗಳೊಳಗ ಹೊರಗ ಇರತೈತಿ. ಹವ್ಯಾಸಿ ಇದ್ದಾಗ ಸಿಗೂ ಕ್ಲೇಮ್ ಮೊದಲ ಸಂಬಳ ಕೈಗೆ ಬಂದ ದಿನದಿಂದ ಸಿಗದಂಗ ಆಗಬಹುದು. ಇಡೀ ತಂಡಕ್ಕ ಗುಂಪು ಪಾಲಿಸಿ ತಗೋರಿ, ರಗ್ಬಿ ಅಂತ ಹೆಸರು ಹಾಕಿ, ಅಭ್ಯಾಸದಾಗಿನ ಗಾಯಾನೂ ಸೇರಿಸಿ ಬರಸ್ರಿ. ಸಂಬಳದವರು 20 ಇಲ್ಲಾ ಅದಕ್ಕಿಂತ ಹೆಚ್ಚು ಮಂದಿ ಇದ್ರ ಪಿಎಫ್ ಪ್ರಶ್ನಿನೂ ಬರತೈತಿ, ಆಡಿಟರ್ ಜೋಡಿ ಈಗಲೇ ಕುಂದರ್ರಿ.

ಫಲಿತಾಂಶದ ವಿಷಯಾನೂ ಪ್ರಾಯೋಜಕರಿಗೆ ಮೊದಲ ಹೇಳಿಬಿಡ್ರಿ. ದಕ್ಷಿಣ ಗೋಲಾರ್ಧದ ವೃತ್ತಿಪರ ಲೀಗ್ ಸೂಪರ್ ರಗ್ಬಿಗೆ 2016ರಾಗ ಬಂದ ಜಪಾನ್‌ನ ಸನ್‌ವುಲ್ವ್ಸ್ ಮೊದಲ ಸೀಸನ್‌ದಾಗ 15ರಲ್ಲಿ ಒಂದೇ ಗೆದ್ದಿದ್ದು. ಅದೇ ವರ್ಷ ಬಂದ ಅರ್ಜೆಂಟೀನಾದ ಹಾಗ್ವಾರೆಸ್ ನಾಲ್ಕು ಗೆದ್ರು, 2019ಕ್ಕ ಫೈನಲ್ ಆಡಿದ್ರು.

ಎರೆಮಣ್ಣು_ವಿಜಯಪುರ:

ಮೈದಾನದ್ದು ನಾ ಹೇಳ್ತೀನಿ. ಪುಗಸಟ್ಟೆ ಅಂತ ಎರೆ ಮಣ್ಣಿನದು ಹಿಡೀಬ್ಯಾಡ್ರಿ, ನೀರಿನ ಲೆಕ್ಕ ಹಾಕೋತನಕಾರ. ಅಂಕಣ 100 ಮೀಟರ್ ಉದ್ದ, 70 ಅಗಲ, ಎರಡೂ ತುದಿಗೆ 10 ಮೀಟರ್ ಇನ್‌ಗೋಲ್ (ಗೋಲ್ ಗೆರಿ ಆಚೆ ಅಂಕ ಗಳಿಸೋ ಜಾಗ) ಹಿಡಿದ್ರ 8,400 ಚದರ ಮೀಟರ್ ಆಗ್ತದ. ವಾರಕ್ಕ 25 ಮಿ.ಮೀ. ನೀರು ಅಂದ್ರ 2,10,000 ಲೀಟರ್, 5,000 ಲೀಟರ್‌ದ ಟ್ಯಾಂಕರ್ 42. ಬೋರ್‌ವೆಲ್ ಇಲ್ಲದ ಇದು ಆಗೂದಲ್ಲ. ನೀರು ತಪ್ಪಿತೋ ಎರೆ ಬಿರಿತದ, ಬಿರುಕಿನ್ಯಾಗ ಬೂಟಿನ ತಳದ ಸ್ಟಡ್ ಸಿಕ್ಕೊಂಡು ಮೈ ತಿರುಗಿದ್ರ ಮೊಣಕಾಲು ಹೋತು. ಮಳಿ ಆದ್ರ ಅದೇ ಮಣ್ಣು ಬೂಟಿಗೆ ಹತ್ತಿ ಸ್ಟಡ್ ಮುಚ್ಚಿ ಜಾರ್ತದ. ಬಿರುಕಿಗೆ ಬರೇ ಉಸುಕು ತುಂಬಬ್ಯಾಡ್ರಿ, ಮಳಿಗೆ ಮಣ್ಣು ಉಬ್ಬಿದಾಗ ಅಲ್ಲೇ ದಿಬ್ಬ ಏಳ್ತದ. ಅದೇ ಮಣ್ಣು ಪುಡಿ ಮಾಡಿ, ಮಾಗಿದ ತಿಪ್ಪಿಗೊಬ್ಬರ ಕೂಡಿಸಿ ತುಂಬಿ ನೀರು ಬಿಡ್ರಿ. ಇಡೀ ಮೈದಾನಕ್ಕ 10 ಸೆಂ.ಮೀ. ಉಸುಕು ಹಾಸ್ತೀನಿ ಅಂದ್ರ 840 ಘನ ಮೀಟರ್, ಹತ್ತಿರತ್ತಿರ 300 ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಅಡಿ) ಬೇಕು. ಮೊದಲ ವರ್ಷದ ಬಜೆಟ್‌ಗೆ ಇದು ಹೊಂದೂದಿಲ್ಲ.

ಬೆಳಗಾವಿ ಕೆಂಪು ಮಣ್ಣು ಬಾಡಿಗಿ ಕೊಟ್ಟರೂ ವಾಸಿ. ಅದರ ದೋಷ ಬ್ಯಾರೆ, ಜನವರಿ ದಾಟಿದ್ರ ಕಲ್ಲಿನಂಗ ಗಟ್ಟಿ ಆಗ್ತದ. ಪಂದ್ಯದ ಹಿಂದಿನ ದಿನ 15 ಸೆಂ.ಮೀ. ಉದ್ದದ ಸ್ಕ್ರೂಡ್ರೈವರ್ ಹತ್ತು ಕಡೆ ಕೈಲೆ ಒತ್ತಿ ನೋಡ್ರಿ, ಅರ್ಧನೂ ಇಳಿಲಿಲ್ಲಂದ್ರ ರಾತ್ರಿ ನೀರು ಬಿಡ್ರಿ. ಮಳಿಗಾಲದಾಗ ಗರಿಕಿ ಹಚ್ಚಿದ್ರ ಅಕ್ಟೋಬರ್‌ಕ್ಕ ಹಾಸು ಕೂಡ್ತದ. ಸ್ಕ್ರಮ್ ಅಭ್ಯಾಸ ನಟ್ಟನಡು ಬ್ಯಾಡ, ಬಾಜೂಕ ಒಂದು ಪಟ್ಟಿ ಬ್ಯಾರೆ ಇಟ್ಕೋರಿ. ಮಾರ್ಚ್‌ದೊಳಗ ಸೀಸನ್ ಮುಗಿಸ್ರಿ, ಮುಂದಿನ ಬಿಸಲಿನ್ಯಾಗ ಈ ಕಡೆ 80 ನಿಮಿಷ ಆಡಸೋದು ಅಪಾಯ.

ಲಾಕ್_ಬೆಳಗಾವಿ:

ಎಲ್ಲಾರಿಗೂ ಭಾಳ ಉಪಕಾರ ಆತು. ಪಟ್ಟಿ ನೋಡಿದೆ, ಟೈಟ್‌ಹೆಡ್ ಇಬ್ಬರೇ ಅದಾರ. 112 ಕೆಜಿ ಪೈಲವಾನ್ ಹುಡುಗ ಒಬ್ಬ ಅದಾನ, ಅವನ್ನ ಮೂರನೇದವನಾಗಿ ತಯಾರ್ ಮಾಡಾಕ ಎಷ್ಟು ವಾರ ಬೇಕು?

ಮುಧೋಳ_ಪ್ರಾಪ್:

ಎಂಟು ವಾರ ಕೊಡ್ರಿ, ಅವಸರ ಮಾಡಬ್ಯಾಡ್ರಿ. ಟೈಟ್‌ಹೆಡ್ ತಲಿ ಎದುರಿನ ಲೂಸ್‌ಹೆಡ್ ಮತ್ತ ಹುಕರ್ ನಡುವ ಇರತೈತಿ, ಎರಡೂ ಭುಜದ ಮ್ಯಾಲ ಭಾರ. ಅದಕ್ಕ ಕುತ್ತಿಗಿ, ಬೆನ್ನಿನಿಂದ ಚಾಲೂ ಮಾಡ್ರಿ. ಮೊದಲ ಎರಡು ವಾರ ಕೈ ಮತ್ತ ಕಾಲ್ಬೆರಳ ಮ್ಯಾಲ ನಿಂತು, ಮೊಣಕಾಲು ನೆಲದಿಂದ 5 ಸೆಂ.ಮೀ. ಎತ್ತಿ, ಬೆನ್ನು ಸಪಾಟ ಇಟ್ಟು 20 ಸೆಕೆಂಡ್, ಹಂಗ 5 ಸಲ. ಕುತ್ತಿಗಿಗೆ ನಾಕೂ ದಿಕ್ಕಿನಿಂದ ಕೈ ಒತ್ತಿ 10 ಸೆಕೆಂಡ್ ತಡಿಯೋದು, 3 ಸಲ. ಮೂರು, ನಾಕನೇ ವಾರ ಒಬ್ಬನ ಎದುರು ಒಬ್ಬ. ಬಲಗೈ ಎದುರಿನವನ ಎಡಗೈ ಹೊರಗಿಂದ ಹೋಗಿ ಬೆನ್ನಿನ ಇಲ್ಲಾ ಬಾಜೂದ ಜರ್ಸಿ ಹಿಡೀಬೇಕು. ಮೊಣಕೈ ಮ್ಯಾಲ ಇರಬೇಕು, ಕೆಳಗ ಇಳಿದ್ರ ರೆಫರಿ ಸ್ಕ್ರಮ್ ಬೀಳಿಸಿದಾ ಅಂತ ಪೆನಾಲ್ಟಿ ಕೊಡತಾರ. ಮೊಣಕಾಲು ಸುಮಾರು 120 ಡಿಗ್ರಿ ಮಡಚಿರಲಿ. ಪಾದ ಭಾಳ ಹಿಂದ ಹೋದ್ರ ಮಾರಿ ನೆಲಕ್ಕ ಬೀಳತೈತಿ. ಐದು, ಆರನೇ ವಾರ ಮೂರು ಮಂದಿ ಎದುರು ಮೂರು, ಆಮ್ಯಾಲ ಲಾಕ್ ಸೇರಿಸಿ ಸ್ಕ್ರಮ್ ಮಷಿನ್ (ನೂಕೋ ಅಭ್ಯಾಸದ ಪ್ಯಾಡಿನ ಚೌಕಟ್ಟು) ಮ್ಯಾಲ. ಎಂಟೂ ಎಂಟು ಮಂದಿ ಸ್ಕ್ರಮ್ ಏಳನೇ ವಾರಕ್ಕ.

ಪೈಲವಾನ್‌ರಿಗೆ ತಲಿ ತಗ್ಗಿಸಿ ಎದುರಿನವನನ್ನ ಕೆಳಗ ಜಗ್ಗೋ ಚಟ ಇರತೈತಿ. ತಲಿ, ಭುಜ ಯಾವಾಗಲೂ ಸೊಂಟಕ್ಕಿಂತ ಮ್ಯಾಲ, ಕಣ್ಣು ಮುಂದ. ಬಾಜೂದಿಂದ ಮೊಬೈಲ್‌ನಾಗ ವಿಡಿಯೋ ತಗದು ಪ್ರತಿ ಸೆಷನ್ ಆದಮ್ಯಾಲ ಅವಗ ತೋರಸ್ರಿ. ತಲಿ ಸೊಂಟದ ಕೆಳಗ ಹೋಗೋದು ಪೂರ್ತಿ ನಿಲ್ಲೋತನಕ ಮುಂದಿನ ಹಂತಕ್ಕ ಕಳಸಬ್ಯಾಡ್ರಿ, ಕುತ್ತಿಗಿ ಎಲುಬಿನ ಪ್ರಶ್ನೆ ಅದು. ಎಂಟು ವಾರ ಆದಮ್ಯಾಲೂ ಅವನ ಮೊದಲ ಪಂದ್ಯ ಬೆಂಚಿನಿಂದ, ಕೊನೀ 20 ನಿಮಿಷಕ್ಕ ಇರಲಿ.