30 ಜನರ ಟೂರ್‌ಗೆ, ಟ್ರೇನಿಂಗ್‌ಗೆ ಯಾವ ವೈರ್‌ಲೆಸ್ ಮೈಕ್ ತಗೊಳ್ಳಲಿ?

ಬಳಪದಕಲ್ಲು:

ಎಲ್ರಿಗೂ ನಮಸ್ಕಾರ. ನಾನು ಹಾಸನದವಳು, ಶನಿವಾರ ಭಾನುವಾರ ಬೇಲೂರು ಹಳೇಬೀಡಿಗೆ ಗ್ರೂಪ್ ಕರ್ಕೊಂಡು ಹೋಗ್ತೀನಿ, 25ರಿಂದ 30 ಜನ ಇರ್ತಾರೆ. ವಾರದ ಮಧ್ಯೆ ಹೋಂಸ್ಟೇ ನಡೆಸೋ ಹೆಂಗಸರಿಗೆ ಟ್ರೇನಿಂಗ್ ಕೊಡ್ತೀನಿ. ಇಷ್ಟು ದಿನ ಸೊಂಟಕ್ಕೆ ಕಟ್ಕೊಳ್ಳೋ ಚಿಕ್ಕ ಸ್ಪೀಕರ್ ಇಟ್ಕೊಂಡೇ ಕೆಲಸ ನಡೀತಿತ್ತು, ಟೀಚರ್‌ಗಳು ಹಾಕ್ಕೋತಾರಲ್ಲ ಅದೇ.

ಹೋದ ತಿಂಗಳು ಏನಾಯ್ತು ಅಂದ್ರೆ, ಬೇಲೂರಲ್ಲಿ ದರ್ಪಣ ಸುಂದರಿ ಶಿಲ್ಪದ ಕೆಳಗೆ ನಿಂತಿದ್ವಿ, ಒಬ್ಬರು ಅಜ್ಜಿ ನನ್ನ ಪಕ್ಕ ಬಂದು "ಇವಳ ಕೈಲಿ ಕನ್ನಡಿ ಇದೆಯಲ್ಲಮ್ಮ, ಆವಾಗ ಗಾಜಿನ ಕನ್ನಡಿ ಇತ್ತಾ?" ಅಂತ ಕೇಳಿದ್ರು. ಎಷ್ಟು ಒಳ್ಳೆ ಪ್ರಶ್ನೆ! ಕಂಚು ಉಜ್ಜಿ ಉಜ್ಜಿ ಹೊಳಪು ಮಾಡಿದ ಲೋಹದ ಕನ್ನಡಿ ಇರ್ತಿತ್ತು ಅಂತ ನಾನು ಮೈಕಲ್ಲಿ ಹೇಳ್ತಾ ಇದೀನಿ, ಹಿಂದೆ ಇದ್ದವರಿಗೆ ಪ್ರಶ್ನೆನೇ ಕೇಳಿಸಿಲ್ಲ, ಯಾಕೆ ಇದ್ದಕ್ಕಿದ್ದ ಹಾಗೆ ಕಂಚಿನ ವಿಷಯ ಬಂತು ಅಂತ ಮುಖ ಮುಖ ನೋಡ್ಕೋತಿದ್ರು. ಅಷ್ಟರಲ್ಲಿ ಪಕ್ಕದ ಗ್ರೂಪಿನ ಗೈಡ್ ಸ್ಪೀಕರ್ ಜೋರು ಮಾಡಿದ್ರು, ನಾನೂ ಜೋರು ಮಾಡಿದೆ, ಇಬ್ಬರದ್ದೂ ಸೇರಿ ಸಂತೆ ಆಯ್ತು.

ಒಂದೇ ಸೆಟ್ ಎರಡೂ ಕೆಲಸಕ್ಕೆ ಆಗತ್ತಾ? ಯೂಟ್ಯೂಬ್ ಮಾಡೋರು ಶರ್ಟಿಗೆ ಸಿಕ್ಕಿಸೋ ಚಿಕ್ಕ ಮೈಕ್ ತಗೊಂಡ್ರೆ ಸಾಕಾ? ಬಾಕ್ಸ್ ಮೇಲೆ 200 ಮೀಟರ್ ಅಂತ ಇರತ್ತೆ, ನಂಬಬಹುದಾ? ಮುಖ್ಯವಾಗಿ ಜನ ಕೇಳೋ ಪ್ರಶ್ನೆ ಎಲ್ರಿಗೂ ಕೇಳಿಸ್ಬೇಕು, ನನಗೆ ಅದೇ ಬೇಕಾಗಿರೋದು.

ಪೆಂಡಾಲ್‌ಸೌಂಡ್:

ಮೇಡಂ, ನಾನು 18 ವರ್ಷದಿಂದ ಮೈಕ್ ಸೆಟ್ ಬಾಡಿಗೆಗೆ ಕೊಡ್ತಿದೀನಿ. ಮೊದಲು ಆ ಯೂಟ್ಯೂಬ್ ಮೈಕ್ ವಿಷಯ ಹೇಳಿಬಿಡ್ತೀನಿ. ಅದು ಕ್ಯಾಮೆರಾಗೋ ಫೋನ್‌ಗೋ ರೆಕಾರ್ಡ್ ಮಾಡೋಕೆ ಮಾಡಿರೋದು, ಸಾಮಾನ್ಯವಾಗಿ 2 ಮೈಕ್‌ಗೆ 1 ರಿಸೀವರ್. 30 ಜನರ ಕಿವಿಗೆ ಮುಟ್ಟಿಸೋಕೆ ಅಲ್ಲ. ನಿಮಗೆ ಬೇಕಾಗಿರೋದು ಟೂರ್ ಗೈಡ್ ಸಿಸ್ಟಮ್ ಅಂತ ಬರತ್ತಲ್ಲ ಅದು, ನಿಮ್ಮ ಹತ್ರ ಒಂದು ಟ್ರಾನ್ಸ್‌ಮಿಟರ್, ಪ್ರತಿಯೊಬ್ಬರ ಕೊರಳಿಗೆ ಒಂದೊಂದು ಚಿಕ್ಕ ರಿಸೀವರ್, ಒಂದು ಕಿವಿಗೆ ಇಯರ್‌ಫೋನ್. ಸ್ಪೀಕರ್ ಕಥೆ ಏನು ಅಂದ್ರೆ ಬಯಲಲ್ಲಿ ದೂರ ಎರಡರಷ್ಟು ಆದಾಗೆಲ್ಲ ಸೌಂಡ್ 6 ಡೆಸಿಬಲ್ ಇಳಿಯತ್ತೆ. ನಿಮ್ಮಿಂದ 1 ಮೀಟರ್ ದೂರ ಇರೋರಿಗಿಂತ 8 ಮೀಟರ್ ದೂರ ಇರೋರಿಗೆ 18 ಡೆಸಿಬಲ್ ಕಮ್ಮಿ. ಹಿಂದಿನವರಿಗೆ ಕೇಳಿಸ್ಲಿ ಅಂತ ಜೋರು ಮಾಡಿದ್ರೆ ಮುಂದಿನವರ ಕಿವಿ ಹೋಗತ್ತೆ. ಕಿವಿಗೇ ಕೊಟ್ಬಿಟ್ರೆ ಆ ತಾಪತ್ರಯನೇ ಇಲ್ಲ.

200 ಮೀಟರ್ ಅನ್ನೋದು ಖಾಲಿ ಮೈದಾನದ ಲೆಕ್ಕ. ಬೇಲೂರಲ್ಲಿ ಜಗತಿ, ಅಂದ್ರೆ ಗುಡಿ ನಿಂತಿರೋ ಎತ್ತರದ ಕಟ್ಟೆ, ನಕ್ಷತ್ರದ ಆಕಾರ, ನೀವು ಒಂದು ಮೂಲೆ ತಿರುಗಿದ ತಕ್ಷಣ ಹಿಂದೆ ಉಳಿದವರಿಗೂ ನಿಮಗೂ ಮಧ್ಯೆ ಕಲ್ಲು ಬರತ್ತೆ, ಜೊತೆಗೆ ಮನುಷ್ಯರ ಮೈ. ಮೈಯಲ್ಲಿರೋದು ಬಹುಪಾಲು ನೀರು, ಎಷ್ಟೋ ವೈರ್‌ಲೆಸ್ ಸೆಟ್ ಬಳಸೋ 2.4 ಗಿಗಾಹರ್ಟ್ಸ್ ರೇಡಿಯೋ ಅಲೆನ ಚೆನ್ನಾಗಿ ಹೀರಿಕೊಳ್ಳತ್ತೆ. ಆ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ, 866 ಮೆಗಾಹರ್ಟ್ಸ್‌ದು ಸುಮಾರು 35, ಉದ್ದದ ಅಲೆ ಮೂಲೆ ಬಳಸಿ ಹೋಗೋದು ಜಾಸ್ತಿ. ಅದಕ್ಕೆ ಬಯಲಲ್ಲಿ ದೇವಸ್ಥಾನದಲ್ಲಿ ನಾನು 865ರಿಂದ 868 ಮೆಗಾಹರ್ಟ್ಸ್ ಒಳಗೆ ಕೆಲಸ ಮಾಡೋ ಸೆಟ್ಟೇ ಇಷ್ಟಪಡ್ತೀನಿ. ಅದು ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್, 2.4 ಕೂಡ ಹಾಗೇ. ಆದ್ರೆ ಹುಷಾರು, ಯುರೋಪಿಗೆ ಅಂತ ಮಾಡಿರೋ ಎಷ್ಟೋ ಸೆಟ್ 863–865 ಇರತ್ತೆ, ಹೊರದೇಶದಿಂದ ಯಾರ ಕೈಲೋ ತರಿಸ್ಕೊಂಡು ಆಮೇಲೆ ಪೇಚಾಡಬೇಡಿ, ಡಬ್ಲ್ಯುಪಿಸಿಯಿಂದ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಇಟಿಎ, ಅಂದ್ರೆ ಉಪಕರಣದ ಒಪ್ಪಿಗೆ, ಆಗಿದೆಯಾ ಅಂತ ಮಾರೋರನ್ನ ಕೇಳಿ.

ಟ್ರಾನ್ಸ್‌ಮಿಟರ್ ಪ್ಯಾಂಟ್ ಹಿಂದಿನ ಜೇಬಲ್ಲಿ ಇಡಬೇಡಿ. ಜನ ಯಾವ ಕಡೆ ಇದಾರೋ ಆ ಕಡೆ, ಎದೆ ಮೇಲೆ ತೂಗುಹಾಕ್ಕೊಳ್ಳಿ.

ಗೆಜ್ಜಾಲಮಂಟಪ:

ಅಕ್ಕಾರ ನಮಸ್ಕಾರ್ರೀ. ನಾ ಹಂಪ್ಯಾಗ ಗೈಡ್ ಅದೀನ್ರಿ. ವಿಠ್ಠಲ ಗುಡಿಯಾಗ ಸೀಜನ್ನಿನ್ಯಾಗ ನೋಡಬೇಕ್ರಿ ನೀವು, ಕಲ್ಲಿನ ರಥದ ಮುಂದ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಎಲ್ಲಾ ಒಮ್ಮೆಲೇ ನಡೀತಿರ್ತಾವ. ಇಯರ್‌ಫೋನ್ ಸೆಟ್ ತಗೊಂಡಮ್ಯಾಲ ನಾ ಒದರೂದ ಬಿಟ್ಟೀನ್ರಿ, ಗಂಟಲಾ ಉಳೀತು.

ಸೌಂಡ್ ಅಣ್ಣಾರು ಹೇಳಿದ್ದೆಲ್ಲಾ ಖರೆ, ಆದ್ರ ನಿಮ್ಮ ಅಸಲಿ ಪ್ರಶ್ನಿಗೆ ಉತ್ತರ ಬಂದಿಲ್ಲ ನೋಡ್ರಿ. ಸಾದಾ ಸೆಟ್‌ನ್ಯಾಗ ಮಾತು ಒಂದ ಕಡೆ ಹೋಗ್ತೈತ್ರಿ, ನಿಮ್ಮಿಂದ ಅವರಿಗೆ ಅಷ್ಟ. ಕಿವ್ಯಾಗ ಇಯರ್‌ಫೋನ್ ಇದ್ದವರಿಗೆ ಪಕ್ಕದಾವ ಕೇಳಿದ್ದೂ ಕೇಳ್ಸೂದಿಲ್ಲ, ಹಂಗಾಗಿ ಜನ ಪ್ರಶ್ನೆ ಕೇಳೂದ ಕಡಿಮಿ ಮಾಡ್ತಾರ. ನನ್ನ ಗ್ರೂಪಿನ್ಯಾಗೂ ಮೊದಲ ವಾರ ಹಂಗ ಆತು, ಭಾಳ ಬ್ಯಾಸರಾತ್ರಿ. ಎರಡು ದಾರಿ ಅದಾವ. ಒಂದು, ಟೂ ವೇ ಸೆಟ್, ಅದ್ರಾಗ ಕೇಳೋರ ಕೈಯಾಗಿನ ಡಬ್ಬಿಗೂ ಮೈಕ್, ಬಟನ್ ಇರ್ತಾವ, ಒತ್ತಿ ಮಾತಾಡಿದ್ರ ಎಲ್ಲಾರಿಗೂ ಕೇಳ್ತೈತಿ, ರೊಕ್ಕ ಜಾಸ್ತಿ. ಇನ್ನೊಂದು, ಎರಡನೇ ಮೈಕ್ ಸೇರ್ಸಾಕ ಬರೂವಂಥ ಸೆಟ್ ತಗೊಂಡು ಅದನ್ನ ಗ್ರೂಪಿನ ಹಿಂದ ಬರೋ ಹುಡುಗನ ಕೈಯಾಗ ಕೊಡ್ರಿ, ಯಾರರ ಕೈ ಎತ್ತಿದ್ರ ಆವ ಓಡಿ ಹೋಗಿ ಬಾಯಿ ಮುಂದ ಹಿಡೀತಾನ. ಆದ್ರ ಸಾದಾ ಸೆಟ್ಟಿನ ಎರಡು ಟ್ರಾನ್ಸ್‌ಮಿಟರ್ ಒಂದ ಚಾನೆಲ್‌ಗೆ ಹಾಕಬ್ಯಾಡ್ರಿ, ಒಂದಕ್ಕೊಂದು ಬಡಕೊಂಡು ಬರೇ ಗರಗರ ಕೇಳ್ತೈತಿ.

ಮತ್ತ ಮೈಕ್ ಮ್ಯಾಲೆ ಸ್ಪಂಜ್ ಟೊಪ್ಪಿಗಿ ಹಾಕ್ರಿ. ಮಾತಂಗ ಗುಡ್ಡದ ಮ್ಯಾಲೆ ಗಾಳಿ ಹೊಡದ್ರ ಅದಿಲ್ಲದ ಒಂದ ಅಕ್ಷರ ತಿಳಿಯೂದಿಲ್ರಿ.

ಪೀಣ್ಯ_ಟ್ರೇನರ್:

ಟ್ರೇನಿಂಗ್ ಬಗ್ಗೆ ನಾನು ಹೇಳ್ತೀನಿ. ಹಾಲ್‌ನಲ್ಲಿ ಕೂತಿರೋರಿಗೆ ಇಯರ್‌ಫೋನ್ ಬೇಡ ಮೇಡಂ, ಅವರು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಮಾತಾಡ್ಬೇಕು. ನಿಮಗೆ ಹೆಡ್‌ಸೆಟ್ ಮೈಕ್, ಅವರಿಗೆ ಒಂದು ಕೈ ಮೈಕ್, ಎರಡೂ ಬೇರೆ ಬೇರೆ ಫ್ರೀಕ್ವೆನ್ಸಿ, ಒಂದು ಸ್ಪೀಕರ್. ಕಾಲರ್ ಮೈಕ್‌ಗಿಂತ ಹೆಡ್‌ಸೆಟ್ ಯಾಕೆ ಅಂದ್ರೆ ಬೋರ್ಡ್ ಕಡೆ ತಿರುಗಿದ್ರೂ ಬಾಯಿಂದ ಮೈಕ್‌ಗೆ ದೂರ ಅಷ್ಟೇ ಇರತ್ತೆ, ಕುಯ್ ಅಂತ ಕೂಗೋದೂ ಕಮ್ಮಿ. ಸ್ಪೀಕರ್ ಯಾವತ್ತೂ ನಿಮಗಿಂತ ಮುಂದೆ ಇರಲಿ. ಬ್ಲೂಟೂತ್ ಸ್ಪೀಕರ್ ಮಾತ್ರ ತಗೋಬೇಡಿ ದಯವಿಟ್ಟು, ಮಾತು ತಡವಾಗಿ ಬರತ್ತೆ, ನಿಮ್ಮ ದನಿನೇ ನಿಮಗೆ ಅಡ್ಡ ಬಂದು ನಾಲಿಗೆ ತಡವರಿಸತ್ತೆ.

ಕೈ ಮೈಕ್ ಮೊದಲ ಸಲ ಹಿಡಿಯೋರು ಹೊಟ್ಟೆ ಹತ್ರ ಇಟ್ಕೊಂಡು ಮಾತಾಡ್ತಾರೆ. ನಾನು ಶುರುವಲ್ಲೇ ಎಲ್ರ ಕೈಗೂ ಮೈಕ್ ಕೊಟ್ಟು ಅವರ ಹೆಸರು, ಊರು ಹೇಳಿಸ್ತೀನಿ, ಗಲ್ಲಕ್ಕೆ ತಾಗೋ ಹಾಗೆ ಹಿಡೀರಿ ಅಂತೀನಿ. ಒಂದು ಸಲ ತಮ್ಮ ದನಿ ಹಾಲ್ ತುಂಬ ಕೇಳಿಸಿದ ಮೇಲೆ ಪ್ರಶ್ನೆ ಕೇಳೋಕೆ ಯಾರೂ ಹಿಂಜರಿಯಲ್ಲ.

ಅಮ್ಮನಮಗ:

ಒಂದು ಮಾತು ಸೇರಿಸ್ತೀನಿ. ನಮ್ಮಮ್ಮನಿಗೆ ಹಿಯರಿಂಗ್ ಏಡ್ ಇದೆ, ಇಂಥ ಟೂರ್‌ನಲ್ಲಿ ಇಯರ್‌ಫೋನ್ ಹಾಕ್ಬೇಕು ಅಂದ್ರೆ ಅದನ್ನ ತೆಗೀಬೇಕು, ತೆಗೆದ್ರೆ ಏನೂ ಕೇಳಿಸಲ್ಲ, ಸುಮ್ನೆ ನಮ್ಮ ಹಿಂದೆ ನಡ್ಕೊಂಡು ಬರ್ತಾರೆ ಪಾಪ. ನೆಕ್ ಲೂಪ್ ಅಂತ ಸಿಗತ್ತೆ, ಕೊರಳಿಗೆ ಸರದ ಥರ ಹಾಕ್ಕೊಂಡು ರಿಸೀವರ್‌ನ ಇಯರ್‌ಫೋನ್ ತೂತಿಗೆ ಚುಚ್ಚೋದು, ಹಿಯರಿಂಗ್ ಏಡ್‌ನಲ್ಲಿ ಟೆಲಿಕಾಯಿಲ್ (ಲೂಪ್‌ನ ಸಿಗ್ನಲ್ ಹಿಡಿಯೋ ಚಿಕ್ಕ ಸುರುಳಿ) ಇದ್ರೆ ಟಿ ಮೋಡ್‌ಗೆ ಹಾಕಿದ್ರೆ ನೇರ ಕಿವಿಗೆ ಬರತ್ತೆ. 30 ರಿಸೀವರ್ ತಗೊಳ್ಳೋರು ಎರಡು ನೆಕ್ ಲೂಪ್ ಇಟ್ಕೊಳ್ಳಿ ಮೇಡಂ, ನಿಮ್ಮ ಆ ಕನ್ನಡಿ ಅಜ್ಜಿ ಥರದವರೇ ಎಷ್ಟೋ ಜನ ಬರ್ತಾರೆ.

ಬಳಪದಕಲ್ಲು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಕೊಳ್ಳೋಕೆ ಮೊದಲು ಬಾಡಿಗೆಗೆ 12 ರಿಸೀವರ್‌ದು ಒಂದು 2.4ರ ಸೆಟ್, ಎರಡು ಮೈಕ್ ಸೇರೋದು, ತಂದು ಮನೆಯವರನ್ನೆಲ್ಲ ಕರ್ಕೊಂಡು ಬೇಲೂರಿಗೆ ಹೋಗಿ ಜಗತಿ ಮೇಲೆ ಪೂರ್ತಿ ಒಂದು ಸುತ್ತು ಹಾಕಿದ್ವಿ. ಮೂಲೆ ತಿರುಗಿದಾಗ ಹಿಂದಿದ್ದ ನನ್ನ ತಮ್ಮನಿಗೆ ಕಟ್ ಕಟ್ ಆಗಿ ಬಂತು, ಪೆಂಡಾಲ್‌ಸೌಂಡ್ ಸರ್ ಹೇಳಿದ ಹಾಗೆ. ಟ್ರಾನ್ಸ್‌ಮಿಟರ್ ಎದೆ ಮೇಲೆ ತಂದ ಮೇಲೆ ಸ್ವಲ್ಪ ವಾಸಿ, ಪೂರ್ತಿ ಸರಿ ಹೋಗಿಲ್ಲ. ನವರಂಗದ ಒಳಗೆ ಮಾತ್ರ ನಾನು ಪಿಸುಮಾತಲ್ಲಿ ಹೇಳಿದ್ದೂ ಎಲ್ರಿಗೂ ಕೇಳಿಸ್ತು, ಆ ಕತ್ತಲಲ್ಲಿ ಕಂಬ ನೋಡ್ತಾ ಕಿವಿ ಹತ್ರ ಮಾತು ಬರೋದು ಬೇರೆನೇ ಅನುಭವ.

ಎರಡನೇ ಮೈಕ್ ನನ್ನ ಅಕ್ಕನ ಮಗಳ ಕೈಲಿತ್ತು, 9 ವರ್ಷ. ಕೆಳಗಿನ ಆನೆ ಸಾಲು ನೋಡ್ಕೊಂಡು "ಚಿಕ್ಕಮ್ಮ, ಆನೆಗಳು ಯಾಕೆ ಎಲ್ಲಕ್ಕಿಂತ ಕೆಳಗೆ?" ಅಂತ ಕೇಳಿದ್ಲು, ನಾನು ಬಾಯಿ ತೆಗೆಯೋ ಮೊದಲೇ ಆ ತುದಿಯಿಂದ ನಮ್ಮಪ್ಪ "ಭಾರ ಹೊರೋರು ಅವೇ ಅಲ್ವಾ ಪುಟ್ಟಿ" ಅಂತ ಕೂಗಿದ್ರು.

865ರ ಸೆಟ್, ಎರಡು ಮೈಕ್, ಎರಡು ನೆಕ್ ಲೂಪ್ ಅಂತ ತೀರ್ಮಾನ ಮಾಡಿದೀನಿ. ಟ್ರೇನಿಂಗ್‌ಗೆ ಕೈ ಮೈಕ್, ಸ್ಪೀಕರ್ ಬೇರೆ. ಚಾರ್ಜಿಂಗ್ ಪೆಟ್ಟಿಗೆ ಜೊತೆಗೇ ಬರೋ ಸೆಟ್ ಯಾರಾದ್ರೂ ಬಳಸ್ತಿದ್ರೆ ಎರಡು ವರ್ಷ ಆದ್ಮೇಲೆ ಬ್ಯಾಟರಿ ಹೇಗಿದೆ ಹೇಳ್ತೀರಾ?